ಮಾಟಗಾತಿಯ ಚಿತ್ರಕ್ಕೆ ಕುಳಿತವಳು

ಹನುಮವ್ವನ ಮುಖವನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಕಟ್ಟಿಕೊಂಡ ಗಂಡ ಚಂದ್ರಾಮನೂ ನೋಡಿರಲಿಲ್ಲ. 1968ರ ಮಳೆಗಾಲ ಮುಗಿಯುವ ಹೊತ್ತಿಗೆ ವಡಾಲದ ಒಂದು ಛಾಪಖಾನೆಯ ಮಾಳಿಗೆಯಲ್ಲಿ ರಮಾನಾಥನೆಂಬ ಚಿತ್ರಗಾರ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಹನ್ನೊಂದು ದಿನ, ಮಧ್ಯಾಹ್ನದ ಊಟವಾದ ಮೇಲೆ ಒಂದೊಂದು ತಾಸು ನೋಡಿದ.

ಅವಳು ಅಲ್ಲಿ ಕಸ ಗುಡಿಸುವವಳು. ಸುರಪುರ ತಾಲೂಕಿನಿಂದ ಗಂಡನ ಬೆನ್ನಿಗೆ ಬಿದ್ದು ಮುಂಬಯಿಗೆ ಬಂದು ಒಂಬತ್ತು ವರ್ಷವಾಗಿತ್ತು. ಚಂದ್ರಾಮ ಕಟ್ಟಡಗಳಲ್ಲಿ ಸಿಮೆಂಟು ಹೊರುತ್ತಿದ್ದ. ಘಾಟ್ಕೋಪರಿನ ಗುಡ್ಡದ ಇಳಿಜಾರಿನಲ್ಲಿ ಹಬ್ಬಿದ ಬಸ್ತಿಯಲ್ಲಿ ಅವರದೊಂದು ತಗಡಿನ ಜೋಪಡಿ, ಎಂಟು ವರ್ಷದ ಒಬ್ಬಳೇ ಮಗಳು ಕಸ್ತೂರಿ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಲೋಕಲ್ ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ ಹನುಮವ್ವ ವಡಾಲಕ್ಕೆ ಹೋಗುತ್ತಿದ್ದಳು.

ಆ ಛಾಪಖಾನೆ ಹಿಂದಿಯಲ್ಲೂ ಮರಾಠಿಯಲ್ಲೂ ಮಕ್ಕಳ ಚಿತ್ರಕಥೆಗಳನ್ನು ಹೊರಡಿಸುತ್ತಿತ್ತು. ಆಗ ಕೈಯಲ್ಲಿದ್ದದ್ದು ‘ಏಳನೇ ಗವಿಯ ದಂತ’. ಆನೆಯ ದಂತಕ್ಕಾಗಿ ಆಫ್ರಿಕಾದ ಕಾಡಿಗೆ ನುಗ್ಗುವ ಬಂದೂಕಿನ ಸಾಹೇಬನ ಕಥೆ. ಯಾವುದೋ ಕಾಲದ ಇಂಗ್ಲಿಷ್ ಕಾದಂಬರಿಯನ್ನು ಅಮೆರಿಕದವರು ಚಿತ್ರಪುಸ್ತಕ ಮಾಡಿದ್ದರು. ಅದರ ಒಂದು ಹಳೆಯ ಪ್ರತಿ ರಮಾನಾಥನಿಗೆ ಫುಟ್‌ಪಾತಿನಲ್ಲಿ ಸಿಕ್ಕಿತ್ತು. ಗಾಜಿನ ಮೇಜಿನ ಕೆಳಗೆ ಬಲ್ಬು ಹೊತ್ತಿಸಿ, ಹಳೆಯ ಹಾಳೆಯ ಮೇಲೆ ಹೊಸ ಹಾಳೆ ಹಾಸಿ ಅವನು ಗೆರೆ ಇಳಿಸುತ್ತಿದ್ದ. ಮರ ಇಳಿದವು, ಹೊಳೆ ಇಳಿಯಿತು, ಆನೆ, ಮೊಸಳೆ, ಸಾಹೇಬನ ಟೋಪಿ ಎಲ್ಲ ಇಳಿದವು. ಆದರೆ ಗವಿ ಕಾಯುವ ಮಾಟಗಾತಿ ಬರುವ ಹಾಳೆಗಳನ್ನು ಯಾರೋ ಹರಿದುಕೊಂಡಿದ್ದರು. ಆ ಮುಖ ಎಲ್ಲಿಂದ ತರುವುದೆಂದು ತಲೆ ಕೆಡಿಸಿಕೊಂಡಿದ್ದಾಗ, ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿ ಬಂದ ಹನುಮವ್ವ ಅವನ ಕಣ್ಣಿಗೆ ಬಿದ್ದಳು. ಎತ್ತರದ ಆಳು, ಎಣ್ಣೆಗಪ್ಪು ಮೈಬಣ್ಣ. ಹಣೆಯಲ್ಲಿ ಹಚ್ಚೆಯ ಅರ್ಧಚಂದ್ರ, ಗದ್ದದಲ್ಲಿ ಮೂರು ಚುಕ್ಕೆ. ಎಡಗಿವಿಯ ಹಾಲೆ ಹರಿದು ಎರಡಾಗಿತ್ತು.

“ನಿನ್ನ ಮುಖ ಭಾರೀ ಒಳ್ಳೆಯದುಂಟು ಮಾರಾಯ್ತಿ,” ಎಂದ ಕರಾವಳಿಯ ರಮಾನಾಥ. “ಸ್ವಲ್ಪ ಕೂತ್ಕೊಳ್ತೀಯಾ? ನನಗೊಂದು ರಾಣಿಯ ಚಿತ್ರ ಬೇಕು.”

“ರಾಣೀದು? ನಂದು ರಾಣಿ ಮಾರಿ ಏನ್ರಿ ಸಾಹೇಬ್ರ?”

“ಕಾಡಿನ ರಾಣಿ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತಳು. ಕೈಯಲ್ಲಿ ಭರ್ಚಿಯ ಬದಲು ಕಸಬರಿಗೆಯ ಕೋಲು. ಮೊದಲೆರಡು ದಿನ ನಾಚಿಕೆಯಿಂದ ಕತ್ತು ಎತ್ತಲಾಗಲಿಲ್ಲ. ಆಮೇಲೆ ಅಭ್ಯಾಸವಾಯಿತು. ರಮಾನಾಥ ಕೆಳಗಿನ ಇರಾಣಿ ಹೋಟೆಲಿನಿಂದ ಚಹಾ ತರಿಸಿ ಕೊಡುತ್ತಿದ್ದ. ಗದ್ದಕ್ಕೆ ಕೈಕೊಟ್ಟು ಕೂರು ಎಂದರೆ ಕೂರುತ್ತಿದ್ದಳು, ತವರಿನ ಬಾವಿಕಟ್ಟೆ ನೆನಪಾಗಿ ಕಣ್ಣು ಎಲ್ಲಿಗೋ ಹೋಗುತ್ತಿತ್ತು. ಹಲ್ಲು ಕಡಿ ಎಂದರೆ ನಗು ಬರುತ್ತಿತ್ತು. “ನಗುವುದಲ್ಲ, ಸಿಟ್ಟು ಬೇಕು, ಸಿಟ್ಟು,” ಎಂದು ಅವನು ಗೋಗರೆಯುತ್ತಿದ್ದ.

ಮನೆಗೆ ಬಂದು ಮಗಳಿಗೆ ಹೇಳಿದಳು. “ಪುಸ್ತಕದಾಗ ನಾ ರಾಣಿ ಆಗೀನಿ, ಕಸ್ತೂರಿ.”

ಕಸ್ತೂರಿ ಅದನ್ನು ಇಡೀ ಬಸ್ತಿಗೆ ಸಾರಿಕೊಂಡು ಬಂದಳು.

ದೀಪಾವಳಿ ಕಳೆದ ವಾರ ಪುಸ್ತಕ ಪೇಟೆಗೆ ಬಂತು. ಸ್ಟೇಷನ್ನಿನ ಪೇಪರ್ ಮಾರುವವನ ಬಳಿ ಅದನ್ನು ನೋಡಿದ ಕಸ್ತೂರಿ ಅಪ್ಪನನ್ನು ಕಾಡಿ ಬೇಡಿ ಕೊಡಿಸಿಕೊಂಡು, ಎದೆಗೆ ಅವಚಿಕೊಂಡು ಗುಡ್ಡ ಹತ್ತಿ ಬಂದಳು. ನಲ್ಲಿಯ ಮುಂದೆ ಹೆಂಗಸರು ಸಾಲಿನಲ್ಲಿ ನಿಂತಿದ್ದರು, ಹನುಮವ್ವನೂ ಇದ್ದಳು. ಸಾಲಿನ ಹಿರಿತನ ದಾನವ್ವನದು. ಹನುಮವ್ವನ ತಾಲೂಕಿನವಳೇ, ಬಸ್ತಿಯ ನ್ಯಾಯ ಪಂಚಾಯಿತಿಯಲ್ಲಿ ಗಂಡಸರೂ ಅವಳ ಮಾತು ಕೇಳುತ್ತಿದ್ದರು. “ತಾ ಇಲ್ಲಿ, ರಾಣಿ ನೋಡೂಣು,” ಎಂದು ಅವಳೇ ಪುಸ್ತಕ ಬಿಡಿಸಿದಳು.

ತಲೆಗೂದಲಲ್ಲಿ ಎಲುಬು ಸಿಕ್ಕಿಸಿಕೊಂಡು, ಹಲ್ಲು ಕಿರಿದು, ಕುದಿಯುವ ಹಂಡೆಯ ಮೇಲೆ ಒಂದು ಕೂಸನ್ನು ಕಾಲು ಹಿಡಿದು ನೇತಾಡಿಸುತ್ತಿದ್ದಳು ಹೆಂಗಸೊಬ್ಬಳು. ಹಣೆಯಲ್ಲಿ ಅರ್ಧಚಂದ್ರ. ಗದ್ದದಲ್ಲಿ ಮೂರು ಚುಕ್ಕೆ. ಹರಿದ ಕಿವಿ.

 ಓದು ಬಂದ ಹುಡುಗಿಯೊಬ್ಬಳು ಚಿತ್ರದ ಕೆಳಗಿನ ಮರಾಠಿ ಅಕ್ಷರ ಕೂಡಿಸಿ ಓದಿದಳು: “ಹಡಳ್.” ಮಾಟಗಾತಿ, ಹೆಣ್ಣು ಪಿಶಾಚಿ ಎರಡಕ್ಕೂ ಮರಾಠಿಯವರು ಆಡುವ ಮಾತು ಅದು. ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ಹನುಮವ್ವನೂ ನಗಬೇಕೆಂದು ನೋಡಿದಳು. ಕಸ್ತೂರಿ ಪುಸ್ತಕ ಕಸಿದುಕೊಂಡು ಓಡಿಹೋದಳು.

ನಗೆಯಲ್ಲೇ ಮುಗಿದಿದ್ದರೆ ಹನುಮವ್ವ ಅದನ್ನೂ ನುಂಗಿಕೊಂಡು ಬದುಕುತ್ತಿದ್ದಳು. ಆದರೆ ಎರಡು ತಿಂಗಳಲ್ಲಿ ಗದಿಗೆಪ್ಪನೆಂಬವನ ಐದು ತಿಂಗಳ ಕೂಸು ವಾಂತಿಭೇದಿಯಾಗಿ ತೀರಿಕೊಂಡಿತು. ಹಿಂದಿನ ದಿನವಷ್ಟೇ ಹನುಮವ್ವ ಅದನ್ನು ಎತ್ತಿಕೊಂಡು ಆಡಿಸಿದ್ದಳು. ಮಣ್ಣು ಮಾಡಿ ಬಂದ ಮಧ್ಯಾಹ್ನ ದಾನವ್ವ ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಅಂದಳು: “ಪುಸ್ತಕದಾಗ ಸುಮ್ ಸುಮ್ಕ ಛಾಪಸ್ತಾರೇನು? ಕಲತ ಮಂದಿ. ಏನೂ ಗೊತ್ತಿಲ್ಲದ ಬರದಾರೇನು?”

ಅಂದಿನಿಂದ ಹನುಮವ್ವನ ಕೊಡ ಸಾಲಿನಲ್ಲಿ ನಿಲ್ಲಲಿಲ್ಲ. ಇಟ್ಟರೆ ಒದ್ದು ಉರುಳಿಸುತ್ತಿದ್ದರು. ಬಾಗಿಲಿಗೆ ಹಳೇ ಚಪ್ಪಲಿ ಕಟ್ಟಿದರು, ಗಾಳಿ ಬೀಸುವ ದಿಕ್ಕು ನೋಡಿ ಮೆಣಸಿನಕಾಯಿ ಹೊಗೆ ಹಾಕಿದರು. ಹೆರಿಗೆಯಾದ ಮನೆಯ ಮುಂದೆ ಅವಳು ಹಾದರೆ ಒಳಗಿನವರು ಬಾಗಿಲು ಹಾಕಿ ಬೈಯುತ್ತಿದ್ದರು.  ಚಂದ್ರಾಮ ಅವಳು ಬಡಿಸಿದ ಊಟ ಮಾಡುವುದನ್ನು ನಿಲ್ಲಿಸಿದ.

ಒಂದು ಭಾನುವಾರ ಅವಳು ಸೊಪ್ಪು ಕೊಂಡು ಗುಡ್ಡ ಹತ್ತುತ್ತಿದ್ದಾಗ ಮೇಲಿನಿಂದ ಹರಳು ಬಿದ್ದವು. “ಹಡಳ್ ಆಲೀ! ಹಡಳ್ ಆಲೀ!” ಹಡಳ್ ಬಂದಳೆಂದು ಕೂಗುತ್ತಿದ್ದ ಹತ್ತು ಹನ್ನೆರಡು ಮಕ್ಕಳು. ಅವರ ನಡುವೆ ಕಸ್ತೂರಿ. ಎಲ್ಲರಿಗಿಂತ ಅವಳ ದನಿಯೇ ಜೋರು. ತಾಯಿ ತನ್ನನ್ನು ನೋಡಿದಳೆಂಬುದನ್ನು ಕಸ್ತೂರಿ ನೋಡಿದಳು. ನೋಡಿಯೂ ಕೂಗುವುದನ್ನು ನಿಲ್ಲಿಸಲಿಲ್ಲ, ಕೈಯಲ್ಲಿದ್ದ ಹರಳನ್ನು ಎಸೆದೇ ಬಿಟ್ಟಳು. ನಿಲ್ಲಿಸಿದರೆ ಮುಂದಿನ ಹರಳು ತನಗೇ ಎಂದು ಅಷ್ಟು ಚಿಕ್ಕ ಮಗುವಿಗೂ ಗೊತ್ತಾಗಿತ್ತು.

ಮರುದಿನ ಹನುಮವ್ವ ಗುಡಿಸುವ ಮೊದಲೇ ಮಾಳಿಗೆ ಹತ್ತಿ ರಮಾನಾಥನ ಮೇಜಿನ ಮುಂದೆ ನಿಂತಳು.

“ಸಾಹೇಬ್ರ, ಅದು ಸುಳ್ಳಂತ ಛಾಪಸ್ರಿ.”

“ಎಂತದ್ದು ಸುಳ್ಳು?”

“ಆಕಿ ನಾ ಅಲ್ಲ ಅಂತ. ಹನುಮವ್ವ ಅಂಥಾಕಿ ಅಲ್ಲ ಅಂತ. ಒಂದ ಸಾಲು ಸಾಕ್ರಿ, ಮಂದಿಗೆ ತೋರಸ್ತೀನಿ.”

“ಕಥೆ ಅಲ್ವಾ ಅದು? ಕಥೆ ಪುಸ್ತಕದಲ್ಲಿ ಹಾಗೆಲ್ಲ ಹಾಕ್ಲಿಕ್ಕಾಗುವುದಿಲ್ಲ.”

“ನಲ್ಲಿಗೆ ಬಿಟ್ಟುಗೊಳವಲ್ರು. ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ನನಗ ಕಲ್ಲ ಒಗೀತಾಳ. ರಾಣಿ ಅಂದಿದ್ರಿ ನೀವು. ರಾಣಿ ಅಂದ್ರ ಹಿಂಗಿರ್ತಾಳೇನ್ರಿ?”

ಅಳು ಬಂತು. ಅಳುತ್ತಲೇ ಕೂಗಿದಳು, ಮೇಜು ಗುದ್ದಿದಳು.  ಎಷ್ಟೋ ಹೊತ್ತಿನ ಮೇಲೆ ಹನುಮವ್ವನಿಗೆ ತಿಳಿಯಿತು: ಅವನು ತನ್ನ ಮಾತು ಕೇಳುತ್ತಿಲ್ಲ. ಅವನ ಕಣ್ಣು ಅವಳ ಕೆನ್ನೆಯಿಂದ ತುಟಿಗೆ, ತುಟಿಯಿಂದ ಕೊರಳಿನ ಉಬ್ಬಿದ ನರಕ್ಕೆ ಹರಿದಾಡುತ್ತಿತ್ತು. ಬಲಗೈಯಲ್ಲಿ ಪೆನ್ಸಿಲು ಓಡುತ್ತಿತ್ತು.

“ಹಾಗೇ ಇರು,” ಎಂದ ಮೆಲ್ಲಗೆ. “ಕುತ್ತಿಗೆ ತಿರುಗಿಸಬೇಡ. ಅವತ್ತು ಎಷ್ಟು ಕೇಳಿದೆ ನಿನ್ನ ಹತ್ತಿರ ಇದನ್ನು, ಬರಲೇ ಇಲ್ಲ.”

ಅವಳು ಹಾಳೆ ಕಿತ್ತುಕೊಂಡು ಹರಿದಳು. ಅವನು ಇನ್ನೊಂದು ಹಾಳೆ ಎಳೆದುಕೊಂಡು, ನೆನಪಿನಿಂದಲೇ ಬರೆಯತೊಡಗಿದ. ಗದ್ದಲ ಕೇಳಿ ಬಂದ ಮ್ಯಾನೇಜರು ಅವಳನ್ನು ಅಂದೇ ಕೆಲಸದಿಂದ ಬಿಡಿಸಿದ. ರಮಾನಾಥನಿಗೆ ಅಯ್ಯೋ ಪಾಪ ಅನ್ನಿಸಿರಬೇಕು, ಅವಳು ಮೆಟ್ಟಿಲಿಳಿಯುವಾಗ ಒಂದು ಕಪ್ ಚಹಾ ಕಳಿಸಿಕೊಟ್ಟ.

ಎರಡನೆಯ ಭಾಗ 1970ರಲ್ಲಿ ಬಂತು. ಅದರಲ್ಲಿ ಬಂದೂಕಿನ ಸಾಹೇಬ ಮಾಟಗಾತಿಯನ್ನು ಆನೆ ಬೀಳಿಸುವ ಗುಂಡಿಗೆ ನೂಕಿ ಕೊಲ್ಲುತ್ತಾನೆ. ಹನುಮವ್ವ ಆಗ ಗುಡ್ಡದ ಬುಡದಲ್ಲಿ ಏಳುತ್ತಿದ್ದ ಹೊಸ ಹೌಸಿಂಗ್ ಸೊಸೈಟಿಯೊಂದರ ಕಟ್ಟಡದಲ್ಲಿ ಬುಟ್ಟಿ ಹೊರುತ್ತಿದ್ದಳು. ಶಾಲೆ ಬಿಟ್ಟ ಹೊತ್ತಿಗೆ ಬಸ್ತಿಯ ನಾಲ್ಕಾರು ಹುಡುಗರು ಅಲ್ಲಿಗೆ ಬಂದರು. ಒಬ್ಬನ ತಲೆಯ ಮೇಲೆ ರಟ್ಟಿನ ಟೋಪಿ, ಕೈಯಲ್ಲಿ ಬಿದಿರಿನ ಬಂದೂಕು. ಮಣ್ಣಿನ ಬುಟ್ಟಿ ತಲೆಯ ಮೇಲಿದ್ದುದರಿಂದ ಹನುಮವ್ವನಿಗೆ ಹಿಂದೆ ತಿರುಗಲಾಗಲಿಲ್ಲ. ಪುಸ್ತಕದಲ್ಲಿ ಸಾಹೇಬ ಆಡುವ ಮಾತನ್ನೇ ಮರಾಠಿಯಲ್ಲಿ ಕೂಗಿ, ಎಲ್ಲರೂ ಸೇರಿ ಅವಳನ್ನು ಪಾಯದ ಗುಂಡಿಗೆ ನೂಕಿದರು. ಕೆಳಗೆ ಕಬ್ಬಿಣದ ಸರಳಿದ್ದವು. ಹುಡುಗರು ಗುಂಡಿಯ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಅವಳು ಏಳಲಿಲ್ಲವೆಂದು ಕಂಡ ಮೇಲೆ ಓಡಿದರು.

ಮುನ್ಸಿಪಾಲ್ಟಿ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿದಳು. ಜಾಗವಿಲ್ಲದ್ದರಿಂದ ಅವಳ ಹಾಸಿಗೆಯನ್ನು ಮಕ್ಕಳ ವಾರ್ಡಿನ ಬಾಗಿಲ ಪಕ್ಕದ ಪಡಸಾಲೆಯಲ್ಲಿ ಹಾಕಿದ್ದರು. ಬಲಗಾಲು ಸೊಟ್ಟಗೆ ಕೂಡಿಕೊಂಡಿತು. ಊರುಗೋಲು ಹಿಡಿದು ಗುಡ್ಡ ಹತ್ತಿ ಬಂದಾಗ ಜೋಪಡಿ ಬರಿದಾಗಿತ್ತು. ಅವಳ ಎರಡು ಸೀರೆಗಳನ್ನು ಗಂಟು ಕಟ್ಟಿ ಮೂಲೆಯಲ್ಲಿಟ್ಟು, ಉಳಿದುದನ್ನೆಲ್ಲ ಹೊತ್ತುಕೊಂಡು ಚಂದ್ರಾಮ ವಿಕ್ರೋಳಿಗೆ ಹೋಗಿದ್ದ, ಕಸ್ತೂರಿಯನ್ನೂ ಕರೆದುಕೊಂಡು. ಅಲ್ಲಿ ಬೇರೆ ಹೆಂಗಸಿನೊಡನೆ ಸಂಸಾರ ಹೂಡಿದ್ದಾನೆಂದು ಹೇಳಿದವಳು ಗೌಹರ.

ಗೌಹರ ಬಿಜಾಪುರ ಕಡೆಯವಳು, ಹುಟ್ಟಿ ಬೆಳೆದದ್ದು ಮಾತ್ರ ಇಲ್ಲೇ. ಗಂಡ ರಾಜೇಸಾಬನದು ಬಸ್ತಿಯ ಬುಡದಲ್ಲಿ ರದ್ದಿ ಅಂಗಡಿ. “ಕೂತ ಮಾಡೂ ಕೆಲಸ ಅದ, ಬಾ,” ಎಂದು ಅವಳು ಹನುಮವ್ವನನ್ನು ಕರೆದುಕೊಂಡು ಹೋದಳು. ಇಂಗ್ಲಿಷ್ ಪೇಪರು ಒಂದು ಕಡೆ, ಗುಜರಾತಿ ಒಂದು ಕಡೆ, ಪುಸ್ತಕ ಬೇರೆ, ರಟ್ಟು ಬೇರೆ. ಓದು ಬಾರದಿದ್ದರೂ ಅಕ್ಷರದ ಆಕಾರ ನೋಡಿ ಹನುಮವ್ವ ಬಲು ಬೇಗ ವಿಂಗಡಿಸುತ್ತಿದ್ದಳು.

ಹಾಗೆ ವಿಂಗಡಿಸುತ್ತಿದ್ದಾಗ 1974ರಲ್ಲಿ, ಯಾವುದೋ ಸೊಸೈಟಿಯಿಂದ ಬಂದ ಗಂಟಿನಲ್ಲಿ ‘ಏಳನೇ ಗವಿಯ ದಂತ’ ಸಿಕ್ಕಿತು. ಹಿಂದಿಯದು. ಅಂಚು ತಿಂದುಹೋಗಿ, ಬಣ್ಣ ಕೆಂಪಡರಿತ್ತು. ಯಾರೋ ಮಗು ಮಾಟಗಾತಿಗೆ ಪೆನ್ನಿನಿಂದ ಮೀಸೆ ಬರೆದಿತ್ತು. ಹನುಮವ್ವ ಅದನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತಳು. ಆರು ವರ್ಷ ಆ ಪುಸ್ತಕ ಅವಳನ್ನು ಅಟ್ಟಾಡಿಸಿತ್ತು. ಅದರಲ್ಲಿ ಏನು ಬರೆದಿದೆಯೆಂದು ಮಾತ್ರ ಅವಳಿಗೆ ಯಾರೂ ಓದಿ ಹೇಳಿರಲಿಲ್ಲ.

“ಓದು ಗೌಹರ.”

“ಅರೆ, ಫಾಡ್ಕೆ ಫೆಂಕ್ ದೇ, ಹರದ ಒಗಿ. ಅದನ್ಯಾಕ ಓದಸ್ತಿ?”

“ಓದು ಅಂದೆ.”

ಗೌಹರ ಬೆರಳಿಟ್ಟು ಓದಿದಳು. ಒಂದು ಹಾಳೆಯಲ್ಲಿ ಕಾಡಿನ ಮುಖಂಡರೆಲ್ಲ ಆ ಹೆಂಗಸಿನ ಮುಂದೆ ಮೊಣಕಾಲೂರಿದ್ದರು.

“ಇಲ್ಲಿ ಏನಂತಾಳ ಆಕಿ?”

“‘ನಾ ಬಿಟ್ಟರ ಬದುಕ್ತೀರಿ, ಹಿಡದ್ರ ಸಾಯ್ತೀರಿ’ ಅಂತಾಳ.”

“ಮಂದಿ ಏನ್ಮಾಡ್ತದ?”

“ಡರ್ತದ, ಅಂಜ್ತದ. ಕೋಳಿ, ಕಾಳು ತಂದು ಕಾಲಾಗ ಇಡ್ತದ.”

“ಇನ್ನೊಮ್ಮಿ ಓದು.”

ಗೌಹರ ಎರಡು ಸಲ, ಮೂರು ಸಲ ಓದಿದಳು. ಹನುಮವ್ವ ಪುಸ್ತಕವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಮನೆಗೆ ಒಯ್ದಳು. ದಿನಾ ಸಂಜೆ ಬಿಚ್ಚಿ ನೋಡುತ್ತಿದ್ದಳು. ಒಂದು ಮೂಲೆಯ ಚಿಕ್ಕ ಚೌಕದಲ್ಲಿ ಆ ಹೆಂಗಸು ಗದ್ದಕ್ಕೆ ಕೈಕೊಟ್ಟು ಎಲ್ಲಿಗೋ ನೋಡುತ್ತ ಕುಳಿತಿದ್ದಳು, ಎಲುಬೂ ಇಲ್ಲ ಹಂಡೆಯೂ ಇಲ್ಲ. ಮೊದಮೊದಲು ಅದನ್ನೇ ನೋಡುತ್ತಿದ್ದಳು. ಬರಬರುತ್ತ ಮೊಣಕಾಲೂರಿದವರ ಹಾಳೆಯ ಹತ್ತಿರವೇ ಕಣ್ಣು ನಿಲ್ಲತೊಡಗಿತು.

ಒಂದು ದಿನ ನಲ್ಲಿಯಲ್ಲಿ ಒಬ್ಬಳು ಎಂದಿನಂತೆ ಅವಳ ಕೊಡಕ್ಕೆ ಕಾಲೆತ್ತಿದಳು. ಹನುಮವ್ವ ಬೈಯಲಿಲ್ಲ, ಬೇಡಿಕೊಳ್ಳಲಿಲ್ಲ. ತಲೆಯೆತ್ತಿ ಅವಳನ್ನೇ ನೋಡಿ, ಹಲ್ಲು ಬಿಟ್ಟಳು. ಎತ್ತಿದ ಕಾಲು ಹಾಗೇ ಕೆಳಗಿಳಿಯಿತು, ಸಾಲು ಎರಡಾಗಿ ಸರಿಯಿತು. ಅಂದು ಮೊಟ್ಟಮೊದಲು ತುಂಬಿದ್ದು ಅವಳ ಕೊಡ.

1975ರ ಮಳೆಗಾಲದಲ್ಲಿ ದಾನವ್ವನ ಮೊಮ್ಮಗ, ಮೂರು ವರ್ಷದ ನಿಂಗಣ್ಣ, ಜ್ವರ ಹಿಡಿದು ಮಲಗಿದ. ಎರಡನೆಯ ದಿನ ದಾನವ್ವ ಅವನನ್ನು ಹೆಗಲಿಗೆ ಹಾಕಿಕೊಂಡು, ತೆಂಗಿನಕಾಯಿ, ಕುಬಸದ ಕಣದ ಬಟ್ಟೆ ಹಿಡಿದು ಹನುಮವ್ವನ ಬಾಗಿಲಿಗೆ ಬಂದಳು. ಕೆಸರಿನಲ್ಲೇ ಕುಸಿದು ಕುಳಿತಳು.

“ನಂದು ತಪ್ಪಾಗ್ಯದ ಹನುಮವ್ವ. ನನಗ ಏನ ಬೇಕಾದ್ದು ಮಾಡು. ಕೂಸಿನ ಬಿಡು.”

ಹುಡುಗನ ಕುತ್ತಿಗೆ ಹಿಂದಕ್ಕೆ ಬಾಗಿ ಕೋಲಿನಂತೆ ಸೆಟೆದಿತ್ತು. ಕಣ್ಣು ಅರ್ಧ ತೆರೆದಿದ್ದವು. ಹನುಮವ್ವ ಅದನ್ನು ನೋಡಿದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಮಲಗಿದ್ದಾಗ ಅಂಥ ಮಕ್ಕಳು ಬರುವುದನ್ನು ಕಂಡಿದ್ದಳು. ಹೀಗೆ ಸೆಟೆದ ಕುತ್ತಿಗೆ ಕಂಡೊಡನೆ ನರ್ಸುಗಳು ಓಡುತ್ತಿದ್ದರು. ಬೇಗ ಬಂದ ಕೆಲವು ಉಳಿಯುತ್ತಿದ್ದವು, ತಡವಾದವು ಉಳಿಯುತ್ತಿರಲಿಲ್ಲ. ‘ನನ್ನ ಕಡೆ ಏನೂ ಇಲ್ಲ, ದವಾಖಾನಿಗೆ ಓಡು’ ಎನ್ನುವುದು ನಾಲ್ಕು ಮಾತಿನ ಕೆಲಸ.

ಅವಳು ಒಳಗೆ ಹೋಗಿ ಪುಸ್ತಕ ತಂದು, ಮೊಣಕಾಲೂರಿದವರ ಹಾಳೆ ತೆರೆದು ಹೊಸ್ತಿಲ ಮೇಲಿಟ್ಟಳು.

“ಮೊದಲ ನನ್ನ ಮನೀಗೆ ನೀರ ತುಂಬು,” ಎಂದಳು. “ಬಸ್ತಿ ಎಲ್ಲಾ ನೋಡ್ಲಿ.”

ದಾನವ್ವ ಆ ದಿನ ತುಂಬಿದಳು, ಮರುದಿನವೂ ತುಂಬಿದಳು. ಐವತ್ತೈದರ ಹೆಂಗಸು, ಮಳೆಯಲ್ಲಿ ಜಾರುವ ಗುಡ್ಡ, ತಲೆಯ ಮೇಲೆ ಕೊಡ. ಜೋಪಡಿಯ ಮುಂದಿನ ಕೆಸರು ಬಳಿದಳು. ಜನ ಬಾಗಿಲಲ್ಲಿ ನಿಂತು ನೋಡಿತು. ಹನುಮವ್ವ ಸೊಟ್ಟ ಕಾಲು ಚಾಚಿಕೊಂಡು ಕುಳಿತು ನೋಡಿದಳು. ಏಳು ವರ್ಷದಲ್ಲಿ ಅಷ್ಟು ಹಗುರಾದದ್ದು ಅವಳಿಗೆ ನೆನಪಿರಲಿಲ್ಲ. ಎರಡನೆಯ ದಿನ ಸಂಜೆಗೆ ಹೇಳಿದಳು: “ಬಿಟ್ಟೀನಿ. ಹೋಗು.”

ಹುಡುಗನನ್ನು ಆಸ್ಪತ್ರೆಗೆ ಒಯ್ಯಿರೆಂದು ಗೌಹರ ದಾನವ್ವನ ಬೆನ್ನು ಹತ್ತಿದಳು. “ಆಕಿನೇ ಬಿಟ್ಟಾಳ. ಇನ್ಯಾಕ ಡಾಕ್ಟರ?” ಎಂದಳು ದಾನವ್ವ.

ಮರುದಿನ ಬೆಳಿಗ್ಗೆ ಹನುಮವ್ವ ನಲ್ಲಿಯ ಸಾಲಿನಲ್ಲಿದ್ದಾಗ ದಾನವ್ವನ ಮನೆಯಿಂದ ಅಳು ಎದ್ದಿತು. ಸಾಲಿನಲ್ಲಿದ್ದವರೆಲ್ಲ ಕೊಡ ಬಿಟ್ಟು ಓಡಿದರು. ನೀರು ಸುಮ್ಮನೆ ಹರಿದುಹೋಗುತ್ತಿತ್ತು.

ಅಂಗಡಿಯಲ್ಲಿ ಗೌಹರ ಕೇಳಿದಳು. “ನಿನಗ ಗೊತ್ತಿತ್ತೇನು, ಹುಡುಗಗ ಏನಾಗ್ಯದ ಅಂತ?”

“ಗೊತ್ತಿತ್ತು.”

ಗೌಹರ ಕೆಲಸದಿಂದ ಬಿಡಿಸಲಿಲ್ಲ. ಆದರೆ ಆಮೇಲೆ ಮೂರು ವರ್ಷ ಅವಳೊಡನೆ ಮಾತಾಡಲಿಲ್ಲ. ಗಂಟು ತಂದು ಮುಂದೆ ಹಾಕಿ ಹೋಗುತ್ತಿದ್ದಳು.

ದಾನವ್ವನಾದರೂ ಬಂದು ಜುಟ್ಟು ಹಿಡಿದು ಎಳೆದಾಡಿದ್ದರೆ ಹನುಮವ್ವನಿಗೆ ಒಂದು ದಾರಿ ಇರುತ್ತಿತ್ತು. ಹದಿನಾಲ್ಕನೆಯ ದಿನ ದಾನವ್ವ ತುಂಬಿದ ಕೊಡ ಹೊತ್ತು ಬಂದಳು. ಉಳಿದ ಇಬ್ಬರು ಮೊಮ್ಮಕ್ಕಳು ಬದುಕಬೇಕಲ್ಲ ಎಂದಳು. ತಾನು ಕ್ಷಮೆ ಕೇಳಲು ತಡ ಮಾಡಿದ್ದಕ್ಕೇ ನಿಂಗಣ್ಣ ಹೋದನೆಂದು ಅವಳು ನಂಬಿದ್ದಳು.

“ಬ್ಯಾಡ ದಾನವ್ವ. ನನ್ನ ಕಡೆ ಏನೂ ಇಲ್ಲ. ಆ ಪುಸ್ತಕ ಸುಳ್ಳು.”

ದಾನವ್ವನ ಮುಖ ಬಿಳಿಚಿಕೊಂಡಿತು. “ಇನ್ನೂ ಸಿಟ್ಟ ಇಳದಿಲ್ಲೇನವ್ವ?” ಎಂದು ಕಾಲು ಹಿಡಿದಳು. ಮರುದಿನ ಎರಡು ಕೊಡ ತಂದಳು.

ಹನುಮವ್ವ ಪುಸ್ತಕವನ್ನು ಒಲೆಗೆ ಹಾಕಿದಳು. ಅದನ್ನು ಸುಟ್ಟು ಬೂದಿ ಮಾಡಿ ಮಂತ್ರಿಸಿದಳೆಂದು ಬಸ್ತಿ ಮಾತಾಡಿಕೊಂಡಿತು. ಬೇರೆ ಬಸ್ತಿಗಳಿಂದಲೂ ನಿಂಬೆಹಣ್ಣು ಹಿಡಿದು ಜನ ಬರತೊಡಗಿದರು. ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು, ದವಾಖಾನೆಗೆ ಹೋಗಿರಿ ಎಂದು. ಕೆಲವರು ಹೋಗುತ್ತಿದ್ದರು. ಕೆಲವರು ಅದಕ್ಕೂ ಬೇರೆ ಅರ್ಥ ಹುಡುಕುತ್ತಿದ್ದರು.

1978ರ ಶ್ರಾವಣದಲ್ಲಿ ಕಸ್ತೂರಿ ಬಂದಳು. ಹದಿನೆಂಟಾಗಿತ್ತು, ಮದುವೆಯಾಗಿ ಏಳು ತಿಂಗಳ ಬಸುರಿ. ಎಂಟು ವರ್ಷದಲ್ಲಿ ಒಮ್ಮೆಯೂ ಗುಡ್ಡ ಹತ್ತಿರಲಿಲ್ಲ. ಹನುಮವ್ವ ಊರುಗೋಲು ಹುಡುಕುವುದನ್ನೂ ಮರೆತು ಗೋಡೆ ಹಿಡಿದು ಎದ್ದಳು.

“ಒಳಗ ಬಾ ನನ್ನವ್ವ. ಹಸದೀಯೇನು?”

“ನಹೀ, ಇಲ್ಲೇ ನಿಂದರ್ತೀನಿ.” ಅವಳ ಕನ್ನಡ ತಡವರಿಸುತ್ತಿತ್ತು. ಕೈಯಲ್ಲಿ ತೆಂಗಿನಕಾಯಿ ಇತ್ತು. “ನನ್ನ ಬಚ್ಚಾ ಮ್ಯಾಲೆ ನಜರ್ ಹಾಕಬ್ಯಾಡ. ಅಷ್ಟೇ ಕೇಳಾಕ ಬಂದೀನಿ.”

ಹನುಮವ್ವ ಗೋಡೆ ಹಿಡಿದುಕೊಂಡೇ ಹೊಸ್ತಿಲ ತನಕ ಬಂದಳು.

“ನೀನ ಅಲ್ಲೇನು ಆ ಪುಸ್ತಕ ತಂದಾಕಿ? ರಾಣಿ ಅಂತ ಮಂದಿಗೆಲ್ಲಾ ಹೇಳಿದಾಕಿ? ಅದು ಬರೇ ಚಿತ್ರ, ಕಸ್ತೂರಿ. ನಾ ಸ್ಟೂಲಿನ ಮ್ಯಾಲೆ ಕುಂತಿದ್ದೆ, ಅವ ತೆಗದ. ನನ್ನ ಕಡೆ ಏನಿಲ್ಲ.”

“ಏನಿಲ್ಲಂದ್ರ ದಾನವ್ವಾಯಿ ಮೊಮ್ಮಗ ಹ್ಯಾಂಗ ಸತ್ತ?”

ಇದಕ್ಕೆ ಹನುಮವ್ವನ ಬಳಿ ಉತ್ತರವಿತ್ತು. ಮಾಟಗಾತಿ ಎಂದು ಒಪ್ಪಿಕೊಂಡರೆ ಮಗಳು ಹೆದರಿ ದೂರವಾಗುತ್ತಾಳೆ. ಅಲ್ಲ ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿದರೆ, ಗೊತ್ತಿದ್ದೂ ಮೂರು ವರ್ಷದ ಮಗುವನ್ನು ಸಾಯಲು ಬಿಟ್ಟವಳು ತನ್ನ ತಾಯಿ ಎಂದು ಮಗಳಿಗೆ ತಿಳಿಯುತ್ತದೆ. ಎರಡರಲ್ಲಿ ಯಾವುದನ್ನು ಕೊಡುವುದು? ಮಗಳ ಹೊಟ್ಟೆಯನ್ನೇ ನೋಡಿದಳು. ಕಸ್ತೂರಿ ಗಾಬರಿಯಾಗಿ ಸೆರಗು ಮುಚ್ಚಿಕೊಂಡಳು.

“ಬಿಟ್ಟೀನಿ,” ಎಂದಳು ಹನುಮವ್ವ, ಬೇರೆ ಕಡೆ ತಿರುಗಿ. “ನಿನ್ನ ಕೂಸಿಗೆ ನನ್ನಿಂದ ಏನೂ ಆಗೂದಿಲ್ಲ.”

ಕಸ್ತೂರಿ ತೆಂಗಿನಕಾಯಿಯನ್ನು ನೆಲದ ಮೇಲಿಟ್ಟು ಇಳಿಯತೊಡಗಿದಳು. ಕೆಳಗೆ ರಸ್ತೆಯಲ್ಲಿ ಅವಳ ಅತ್ತೆ ಕಾಯುತ್ತ ನಿಂತಿದ್ದಳು.

“ಜ್ವರ ಬಂದ್ರ ನನ್ನ ಕಡೆ ಬರಬ್ಯಾಡ!” ಹನುಮವ್ವ ಹಿಂದಿನಿಂದ ಕೂಗಿದಳು. “ದವಾಖಾನಿಗೆ ಒಯ್ಯಿ! ಅದಽ ದಿನ ಒಯ್ಯಿ, ಕೇಳಿದೇನು?”

ಜ್ವರ ಎಂಬುದಷ್ಟೇ ಕೇಳಿಸಿತೋ ಏನೋ, ಕಸ್ತೂರಿ ಎರಡೂ ಕೈ ಹೊಟ್ಟೆಗೆ ಒತ್ತಿ ಹಿಡಿದು, ಹಿಂದೆ ನೋಡದೆ, ಬೀಳುವಷ್ಟು ಬಿರಬಿರನೆ ಇಳಿದುಹೋದಳು.

ದಸರೆಯ ಹಿಂದುಮುಂದು ಒಂದು ಮಧ್ಯಾಹ್ನ ಗೌಹರ ರದ್ದಿಯ ಗಂಟು ತಂದು ಹಾಕಿದವಳು ಹೋಗದೆ ಅಲ್ಲೇ ನಿಂತಳು. ವಿಕ್ರೋಳಿಯಿಂದ ಸುದ್ದಿ ಬಂದಿದೆ, ಕಸ್ತೂರಿಗೆ ಹೆಣ್ಣುಮಗು ಹುಟ್ಟಿದೆ ಎಂದಳು. ಮೂರು ವರ್ಷದ ಮೇಲೆ ಅವಳಾಡಿದ ಮೊದಲ ಮಾತು ಅದು.

“ಕೂಸು ಹ್ಯಾಂಗದ?”

“ಛಲೋ ಅದ. ದುಂಡಗ ಅದ ಅಂತ.” ಗೌಹರ ಗಂಟಿನ ಹುರಿ ಬಿಚ್ಚುತ್ತ ಅಂದಳು. “ಕೊರಳಾಗ ತಾಯತ ಕಟ್ಟ್ಯಾರ. ನಿನ್ನ ನಜರ್ ಆಗಬಾರದಂತ.”

“ಕಟ್ಟಲಿ,” ಎಂದಳು ಹನುಮವ್ವ.